ಒಂದೇ ಟಿಕೆಟ್‌ನಲ್ಲಿ ಭೂಮಿ ಸುತ್ತುವುದು: ನೀವೇ ಬುಕ್ ಮಾಡ್ತೀರಾ, ಏಜೆಂಟ್ ಹತ್ರ ಹೋಗ್ತೀರಾ?

ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಮೈಸೂರಿನ ಸರಸ್ವತಿಪುರಂನಲ್ಲಿದ್ದಾರೆ. ಮಗಳು ಸಿಡ್ನಿಯಲ್ಲಿ, ಮಗ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ. ಒಂದು ವರ್ಷ ಮಗಳ ಮನೆ, ಮುಂದಿನ ವರ್ಷ ಮಗನ ಮನೆ, ನಡುವೆ ಊರಿಗೆ ಬಂದು ಉಪ್ಪಿನಕಾಯಿ ಹಾಕಿ ಮತ್ತೆ ಸೂಟ್‌ಕೇಸ್ ಕಟ್ಟುವುದು. ಒಂದು ದಿನ ಚಿಕ್ಕಮ್ಮ ಕೇಳಿದರು: "ಅಲ್ಲ ಕಣೋ, ಸಿಡ್ನಿಯಿಂದ ಇಲ್ಲಿಗೆ ವಾಪಸ್ ಬಂದು ಮತ್ತೆ ಅಮೆರಿಕಕ್ಕೆ ಯಾಕೆ ಹೋಗ್ಬೇಕು? ಆ ಕಡೆಯಿಂದ ಹಾಗೇ ಹೋಗಕ್ಕಾಗಲ್ವಾ?"

ಆಗುತ್ತೆ. ಅದಕ್ಕೇ ಒಂದು ಟಿಕೆಟ್ ಇದೆ, ರೌಂಡ್ ದಿ ವರ್ಲ್ಡ್ ಅಂತ. ಅದನ್ನು ಆನ್‌ಲೈನ್‌ನಲ್ಲಿ ನೀವೇ ಕೊಳ್ಳಬಹುದು, ಏಜೆಂಟ್ ಮೂಲಕವೂ ಕೊಳ್ಳಬಹುದು. ಯಾವುದು ಅಗ್ಗ ಅಂತಲೇ ಎಲ್ಲರೂ ಮೊದಲು ಕೇಳುತ್ತಾರೆ. ಆದರೆ ಮೂಲ ದರವನ್ನು ನಿಗದಿ ಮಾಡುವುದು ವಿಮಾನ ಸಂಸ್ಥೆಗಳೇ, ಎರಡೂ ಕಡೆ ಅದು ಒಂದೇ. ಏಜೆಂಟ್ ಅದರ ಮೇಲೆ ತನ್ನ ಸರ್ವಿಸ್ ಚಾರ್ಜ್ ಹಾಕುತ್ತಾನೆ, ಅಷ್ಟೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಅರ್ಧ ದಾರಿಯಲ್ಲಿ ಏನಾದರೂ ಕೆಟ್ಟರೆ ಸರಿ ಮಾಡುವವರು ಯಾರು?

ಮೊದಲು ಭೂಪಟ, ಆಮೇಲೆ ಕಂಪ್ಯೂಟರ್

ಈ ಟಿಕೆಟ್‌ಗಳನ್ನು ಮಾರುವುದು ವಿಮಾನ ಸಂಸ್ಥೆಗಳ ಕೂಟಗಳು. ಮುಖ್ಯವಾಗಿ ಎರಡು ನೋಡಿ. 1997ರಲ್ಲಿ ಶುರುವಾದ ಸ್ಟಾರ್ ಅಲಯನ್ಸ್‌ನಲ್ಲಿ ಸಿಂಗಾಪುರ ಏರ್‌ಲೈನ್ಸ್, ಲುಫ್ತಾನ್ಸಾ, ಯುನೈಟೆಡ್, ಏರ್ ನ್ಯೂಜಿಲೆಂಡ್ ಇವೆ, 2014ರಿಂದ ನಮ್ಮ ಏರ್ ಇಂಡಿಯಾ ಕೂಡ ಇದೆ. 1999ರ ಒನ್‌ವರ್ಲ್ಡ್‌ನಲ್ಲಿ ಬ್ರಿಟಿಷ್ ಏರ್‌ವೇಸ್, ಕ್ವಾಂಟಾಸ್, ಕ್ಯಾಥೆ ಪೆಸಿಫಿಕ್, ಜಪಾನ್ ಏರ್‌ಲೈನ್ಸ್, ಕತಾರ್ ಇವೆ. ನಮಗೆ ರೂಢಿಯಾಗಿರುವ ಎಮಿರೇಟ್ಸ್ ಆಗಲಿ, ಇಂಡಿಗೊ ಆಗಲಿ ಈ ಎರಡರಲ್ಲೂ ಇಲ್ಲ. ದುಬೈನಲ್ಲಿ ಇಳಿದು ಎಮಿರೇಟ್ಸ್ ಹತ್ತುವ ಆಸೆ ಇದ್ದರೆ ಅದಕ್ಕೆ ಬೇರೆಯೇ ಟಿಕೆಟ್ ತೆಗೆಯಬೇಕು.

ನಿಯಮಗಳು ಕೇಳಿದಷ್ಟು ಕಷ್ಟ ಇಲ್ಲ. ಹೊರಟ ದೇಶಕ್ಕೇ ವಾಪಸ್ ಬರಬೇಕು. ಪೂರ್ವಕ್ಕೆ ಹೊರಟರೆ ಪೂರ್ವಕ್ಕೇ, ಪಶ್ಚಿಮಕ್ಕೆ ಹೊರಟರೆ ಪಶ್ಚಿಮಕ್ಕೇ ಹೋಗಬೇಕು. ಅಟ್ಲಾಂಟಿಕ್ ಒಂದು ಸಲ, ಪೆಸಿಫಿಕ್ ಒಂದು ಸಲ ದಾಟಬೇಕು. ಕನಿಷ್ಠ 10 ದಿನ, ಗರಿಷ್ಠ ಒಂದು ವರ್ಷ. ವಿಮಾನಗಳು 16ಕ್ಕಿಂತ ಜಾಸ್ತಿ ಇರಬಾರದು. ಈ 16 ಎಲ್ಲಿಂದ ಬಂತು ಅಂತೀರಾ? ಹಳೇ ಕಾಗದದ ಟಿಕೆಟ್ ಪುಸ್ತಕದಲ್ಲಿ ವಿಮಾನಕ್ಕೆ ಒಂದರಂತೆ ನಾಲ್ಕು ಕೂಪನ್ ಇರುತ್ತಿದ್ದವು, ಅಂಥ ನಾಲ್ಕು ಪುಸ್ತಕ ಜೋಡಿಸಿದರೆ ಹದಿನಾರು. ಕಾಗದ ಹೋಯ್ತು, ಲೆಕ್ಕ ಉಳಿಯಿತು.

ಇನ್ನೊಂದು ಮಾತು. ನಡುವೆ ನೀವು ರೈಲಲ್ಲೋ ಕಾರಲ್ಲೋ ಹೋಗಿ ಬೇರೆ ಊರಿಂದ ವಿಮಾನ ಹತ್ತಿದರೆ, ಆ ತುಂಡು ಕೂಡ ಹದಿನಾರರಲ್ಲಿ ಒಂದು ಅಂತ ಲೆಕ್ಕ.

ಮೈಲಿಯೋ, ಖಂಡವೋ

ಒನ್‌ವರ್ಲ್ಡ್‌ನ ಎಕ್ಸ್‌ಪ್ಲೋರರ್ ಟಿಕೆಟ್‌ಗೆ ಖಂಡ ಎಣಿಸಿ ದರ ಹಾಕುತ್ತಾರೆ. ಎಷ್ಟು ಖಂಡ ಮುಟ್ಟುತ್ತೀರೋ ಅಷ್ಟು ದುಡ್ಡು. ಸ್ಟಾರ್‌ನವರದು ಮೈಲಿ ಲೆಕ್ಕ. 29,000, 34,000, 39,000 ಅಂತ ಮೆಟ್ಟಿಲುಗಳಿವೆ. ಒಂದು ಮೈಲಿ ಮೇಲೆ ಹೋದರೂ ಮುಂದಿನ ಮೆಟ್ಟಿಲಿನ ದರ ಕೊಡಬೇಕು.

ಇದನ್ನು ಕೈಯಾರೆ ಲೆಕ್ಕ ಹಾಕಿದರೆ ಮಾತ್ರ ಅರ್ಥ ಆಗೋದು. ಚಿಕ್ಕಪ್ಪನಿಗೆ ಸ್ಟಾರ್‌ನಲ್ಲಿ ನಾನು ಹಾಕಿದ ದಾರಿ: ಬೆಂಗಳೂರು, ಸಿಂಗಾಪುರ, ಸಿಡ್ನಿ, ಆಕ್ಲೆಂಡ್, ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್ ಪಕ್ಕದ ನೆವಾರ್ಕ್, ಲಂಡನ್, ಫ್ರಾಂಕ್‌ಫರ್ಟ್, ಬೆಂಗಳೂರು. ಒಟ್ಟು ಹೆಚ್ಚುಕಮ್ಮಿ 24,800 ಮೈಲಿ. ಭೂಮಧ್ಯರೇಖೆಯ ಸುತ್ತಳತೆಯೂ ಹತ್ತಿರ ಹತ್ತಿರ ಅಷ್ಟೇ, ನೋಡಿ ಖುಷಿಯಾಯಿತು. ಮೊದಲ ಮೆಟ್ಟಿಲಿಗೆ ಇನ್ನೂ ನಾಲ್ಕು ಸಾವಿರ ಮೈಲಿ ಬಾಕಿ ಇದೆಯಲ್ಲ ಅಂದುಕೊಂಡೆ. ಅಷ್ಟರಲ್ಲಿ ಚಿಕ್ಕಪ್ಪ, "ಬುಲೆಟ್ ಟ್ರೈನ್ ಹತ್ತಬೇಕು ಕಣೋ, ಟೋಕಿಯೊ ಸೇರಿಸು" ಅಂದರು. ಸಿಂಗಾಪುರದಿಂದ ಟೋಕಿಯೊ, ಅಲ್ಲಿಂದ ಸಿಡ್ನಿ ಅಂತ ಹಾಕಿದೆ. 4,000 ಮೈಲಿಗಿಂತ ಜಾಸ್ತಿ ಏರಿ ಸರಿಯಾಗಿ 29,000ದ ಗೆರೆಯ ಹತ್ತಿರ ಬಂದು ನಿಂತಿತು. ಏನು ಮಾಡೋದು? ಆಕ್ಲೆಂಡ್ ತೆಗೆದುಹಾಕಿ ಸಿಡ್ನಿಯಿಂದ ನೇರ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರೆ ನಾನೂರಕ್ಕೂ ಹೆಚ್ಚು ಮೈಲಿ ಉಳಿಯುತ್ತದೆ. ಆಕ್ಲೆಂಡ್ ಹೋಯಿತು, ಟೋಕಿಯೊ ಬಂತು.

ಇಷ್ಟು ಎಲ್ಲಾ ನಿಲುಗಡೆ ಬೇಡ, ಮಕ್ಕಳನ್ನು ನೋಡಿ ಬಂದರೆ ಸಾಕು ಅನ್ನುವವರಿಗೆ ಒನ್‌ವರ್ಲ್ಡ್‌ನಲ್ಲಿ ನಾಲ್ಕೇ ವಿಮಾನದ ದಾರಿ ಇದೆ. ಕ್ವಾಂಟಾಸ್‌ನಲ್ಲಿ ಬೆಂಗಳೂರಿನಿಂದ ಸಿಡ್ನಿಗೆ ನೇರ, ಅದರಲ್ಲೇ ಸ್ಯಾನ್ ಫ್ರಾನ್ಸಿಸ್ಕೊ, ಅಲ್ಲಿಂದ ಬ್ರಿಟಿಷ್ ಏರ್‌ವೇಸ್‌ನಲ್ಲಿ ಲಂಡನ್, ಲಂಡನ್‌ನಿಂದ ಬೆಂಗಳೂರು. ಆದರೆ ಇಷ್ಟು ಚಿಕ್ಕ ಸುತ್ತಿಗೆ ಬಿಡಿ ಬಿಡಿ ಟಿಕೆಟ್‌ಗಳೇ ಅಗ್ಗವಾಗುವ ಸಾಧ್ಯತೆ ಇದೆ. ಎರಡನ್ನೂ ಹೋಲಿಸದೆ ಕಾರ್ಡ್ ಹೊರಗೆ ತೆಗೆಯಬೇಡಿ.

ವೀಸಾ ನೋಡಿಕೊಂಡೇ ಮುಂದೆ ಹೋಗಿ

ಹೊರದೇಶದವರು ಬರೆದ ಸಲಹೆಗಳಲ್ಲಿ ಈ ಹೆಜ್ಜೆಯೇ ಇರುವುದಿಲ್ಲ, ಅವರ ಪಾಸ್‌ಪೋರ್ಟ್‌ಗೆ ಬಹಳ ಕಡೆ ಬಾಗಿಲು ತೆರೆದೇ ಇರುತ್ತೆ. ನಮಗೆ ಹಾಗಲ್ಲ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಲಂಡನ್‌ಗೆ ಬೇರೆ, ಸಿಡ್ನಿಗೆ ಬೇರೆ, ಟೋಕಿಯೊಗೆ ಬೇರೆ. ಮೊದಲು ಸಿಗುವುದಕ್ಕೆ ಕಷ್ಟವಾದ ವೀಸಾ ಕೈಗೆ ಬರಲಿ, ಆಮೇಲೆ ಟಿಕೆಟ್.

ಈಗ ಆನ್‌ಲೈನ್‌ನಲ್ಲಿ ಕೂತು ನೋಡಿ

ಎರಡೂ ಕೂಟಗಳ ವೆಬ್‌ಸೈಟ್‌ನಲ್ಲಿ ಭೂಪಟದ ಮೇಲೆ ಊರು ಒತ್ತುತ್ತಾ ಹೋಗುವ ಪ್ಲಾನರ್ ಇದೆ. ಮೈಲಿ ಎಷ್ಟಾಯ್ತು, ನಿಯಮ ಎಲ್ಲಿ ಮುರಿಯಿತು, ಎಲ್ಲಾ ಅದೇ ಹೇಳುತ್ತೆ. ಏಜೆಂಟ್ ಹತ್ತಿರ ಹೋಗುವುದೇ ಖಂಡಿತ ಅಂತಿದ್ದರೂ ಇದರಲ್ಲಿ ಒಂದು ಸಂಜೆ ಆಡಿ ನೋಡಿ. ದಾರಿ ನಿಮ್ಮ ತಲೆಯಲ್ಲಿ ಇಲ್ಲದಿದ್ದರೆ ಏಜೆಂಟ್ ತನಗೆ ಸುಲಭವಾದ ದಾರಿ ಹಾಕಿಕೊಡುತ್ತಾನೆ.

ಒಂದು ಗಂಟು ಇದೆ. ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಹನ್ನೊಂದು ತಿಂಗಳಷ್ಟು ಮುಂದಿನ ಸೀಟು ಮಾತ್ರ ತೆರೆದಿಟ್ಟಿರುತ್ತವೆ. ವರ್ಷವಿಡೀ ಸುತ್ತುವವರಿಗೆ ಕೊನೆಯ ವಿಮಾನಗಳು ಇನ್ನೂ ಹುಟ್ಟೇ ಇರುವುದಿಲ್ಲ. ಅದಕ್ಕೆ ಸಿಗುವ ಯಾವುದೋ ದಿನಾಂಕ ಹಾಕಿ, ಆಮೇಲೆ ಬದಲಿಸಿ. ದಾರಿ ಬದಲಾಗದಿದ್ದರೆ ದಿನ ಬದಲಿಸಲು ಸಾಮಾನ್ಯವಾಗಿ ದುಡ್ಡಿಲ್ಲ. ಊರೇ ಬದಲಾದರೆ ಮಾತ್ರ ಶುಲ್ಕ ಬೀಳುತ್ತೆ.

ನನ್ನ ಕಥೆ ಕೇಳಿ. ಮೂರು ಸಂಜೆ ಕೂತು ದಾರಿ ಹಾಕಿ, ಊಟದ ಆಯ್ಕೆಯನ್ನೂ ತುಂಬಿ, ಕಾರ್ಡ್ ನಂಬರ್ ಹಾಕುವ ಪುಟಕ್ಕೆ ಬಂದಾಗ ದರ ಖಚಿತಪಡಿಸಲಾಗುತ್ತಿಲ್ಲ ಅಂತ ಒಂದು ಸಾಲು ಬಂತು. ಮತ್ತೆ ಮೊದಲಿನಿಂದ. ನಾಲ್ಕನೇ ಸಲ ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ತಿಳಿದದ್ದೇನಂದರೆ, ಈ ಟಿಕೆಟ್‌ಗೆ ಪ್ರತಿ ವಿಮಾನದಲ್ಲೂ ಒಂದು ನಿರ್ದಿಷ್ಟ ಬುಕಿಂಗ್ ಕ್ಲಾಸ್‌ನ, ಅಂದರೆ ದರಕ್ಕೆ ತಕ್ಕಂತೆ ಒಂದು ಅಕ್ಷರ ಕೊಟ್ಟ ಗುಂಪಿನ, ಸೀಟೇ ಬೇಕು. ಉದಾಹರಣೆಗೆ, ಒನ್‌ವರ್ಲ್ಡ್‌ನ ಎಕಾನಮಿ ಆದರೆ ಎಲ್, ಬಿಸಿನೆಸ್ ಆದರೆ ಡಿ. ವಿಮಾನದಲ್ಲಿ ನೂರು ಸೀಟು ಖಾಲಿ ಇದ್ದರೂ ಆ ಅಕ್ಷರದ್ದು ಮುಗಿದಿದ್ದರೆ ನಿಮಗಿಲ್ಲ.

ಚಿಕ್ಕಮ್ಮನ ಹೆಸರು ಇನ್ನೊಂದು ತಲೆನೋವು. ಅವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮಲ್ಲಿ ಬಹಳ ಜನರದು ಹಾಗೇ ಅಲ್ವಾ? ವೆಬ್‌ಸೈಟ್ ಮಾತ್ರ ಸರ್‌ನೇಮ್ ಇಲ್ಲದೆ ಮುಂದೆ ಬಿಡಲ್ಲ. ಅಮೆರಿಕದ ವೀಸಾದಲ್ಲಿ ಇಂಥವರ ಹೆಸರನ್ನೇ ಸರ್‌ನೇಮ್ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಅಂತ ಬರೆಯುತ್ತಾರೆ. ಕೆಲವು ವಿಮಾನ ಸಂಸ್ಥೆಗಳು ಹೆಸರನ್ನೇ ಎರಡು ಸಲ ಹಾಕಿ ಅನ್ನುತ್ತವೆ. ಒಂದೇ ಟಿಕೆಟ್‌ನಲ್ಲಿ ನಾಲ್ಕು ಸಂಸ್ಥೆ ಇದ್ದಾಗ ಯಾರ ಮಾತು ಕೇಳೋದು? ಇದನ್ನು ಸುಮ್ನೆ ಅಂದಾಜಿನ ಮೇಲೆ ತುಂಬಬೇಡಿ.

ಏಜೆಂಟ್ ಹತ್ತಿರ ಹೋಗುವುದಾದರೆ

ಎಲ್ಲಾ ಏಜೆಂಟರಿಗೂ ಇದು ಗೊತ್ತಿಲ್ಲ. ಯುರೋಪ್ ಗ್ರೂಪ್ ಟೂರ್ ಮಾರುವವರಿಗೆ ಈ ಟಿಕೆಟ್ ಕೇಳಿದರೆ ಮುಖ ಮುಖ ನೋಡುತ್ತಾರೆ. ನಾನು ಮೂರು ಕಡೆ ಕೇಳಿದೆ. ಮೂರನೆಯವರು, ಜಯನಗರದ ಮಹಡಿ ಮೇಲಿನ ಸಣ್ಣ ಆಫೀಸು, ನನ್ನ ಚೀಟಿ ತಗೊಂಡು ಏಜೆಂಟರು ಟಿಕೆಟ್ ಬುಕ್ ಮಾಡುವ ಅಮೆಡಿಯಸ್ ಪರದೆಯಲ್ಲಿ ಟಪಟಪ ಅಕ್ಷರ ಕುಟ್ಟಿ, "ಸಿಡ್ನಿ ಸೆಕ್ಟರ್‌ಗೆ ಕ್ಲಾಸ್ ಸಿಕ್ತಾ ಇಲ್ಲ ಸರ್, ಒಂದು ದಿನ ಮುಂದೆ ಹಾಕ್ಲಾ?" ಅಂದರು. ಹಾಕಿದರು. ನನ್ನ ಮೂರು ಸಂಜೆಯ ಕೆಲಸ ಇಪ್ಪತ್ತು ನಿಮಿಷದಲ್ಲಿ ಆಯಿತು. ಹೆಸರಿನ ವಿಷಯ ಅವರೇ ಫೋನ್ ಮಾಡಿ ಕೇಳಿದರು. ಇಬ್ಬರಿಗೂ ವೀಲ್‌ಚೇರ್, ಹಿಂದೂ ಸಸ್ಯಾಹಾರಿ ಊಟ ಎಲ್ಲಾ ವಿಮಾನಕ್ಕೂ ಹಾಕಿದರು.

ಹೋಗುವ ಮೊದಲು ನಾಲ್ಕು ವಿಷಯ ಕೇಳಿ. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವಾದ ಅಯಾಟಾದ ಮಾನ್ಯತೆ ಇದೆಯಾ? ಈ ಥರದ ಟಿಕೆಟ್ ಹಿಂದೆ ಮಾಡಿದ್ದೀರಾ? ದಿನಾಂಕ ಬದಲಿಸಿದರೆ ವಿಮಾನ ಸಂಸ್ಥೆ ಶುಲ್ಕ ಬಿಟ್ಟರೂ ನೀವೆಷ್ಟು ತಗೊಳ್ತೀರಾ? ಭಾನುವಾರ ಫೋನ್ ಎತ್ತುತ್ತೀರಾ? ಕೊನೆಯದು ತಮಾಷೆಗೆ ಅಲ್ಲ, ಮುಂದೆ ಹೇಳುತ್ತೇನೆ. ಮತ್ತೆ, ಟಿಕೆಟ್ ಜೊತೆ ಹೋಟೆಲ್ ಸೇರಿಸಿ ಕೊಡ್ತೀನಿ ಅಂದರೆ ಸ್ವಲ್ಪ ಯೋಚಿಸಿ. ಬರೀ ಟಿಕೆಟ್ ವಿದೇಶಿ ಟೂರ್ ಪ್ಯಾಕೇಜ್ ಆಗುವುದಿಲ್ಲ, ಹೋಟೆಲ್ ಸೇರಿದರೆ ಆಗುತ್ತದೆ, ಆಗ ಟಿಸಿಎಸ್, ಅಂದರೆ ಮಾರುವವರೇ ಮೊದಲೇ ವಸೂಲಿ ಮಾಡುವ ತೆರಿಗೆ, ಕಟ್ಟಬೇಕು. ಆದಾಯ ತೆರಿಗೆಯಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು ನಿಜ, ಆದರೆ ಅಲ್ಲಿಯವರೆಗೆ ದುಡ್ಡು ಕೈಬಿಟ್ಟ ಹಾಗೇ.

ದುಡ್ಡು ಕೊಟ್ಟ ಮೇಲೆ

ಆರು ಅಕ್ಷರದ ಪಿಎನ್‌ಆರ್ ಬಂತು ಅಂದಮಾತ್ರಕ್ಕೆ ಟಿಕೆಟ್ ಆಯಿತು ಅಂತಲ್ಲ. ಅದು ಸೀಟು ಹಿಡಿದದ್ದು ಅಷ್ಟೇ. 13 ಅಂಕಿಯ ಟಿಕೆಟ್ ನಂಬರ್ ಕೇಳಿ. ಮೊದಲ ಮೂರು ಅಂಕಿ ಯಾವ ಸಂಸ್ಥೆಯ ಟಿಕೆಟ್ ಅಂತ ಹೇಳುತ್ತೆ: 098 ಆದರೆ ಏರ್ ಇಂಡಿಯಾ, 618 ಸಿಂಗಾಪುರ, 220 ಲುಫ್ತಾನ್ಸಾ, 125 ಬ್ರಿಟಿಷ್ ಏರ್‌ವೇಸ್. ನಾಲ್ಕಕ್ಕಿಂತ ಜಾಸ್ತಿ ವಿಮಾನ ಇದ್ದರೆ ಒಬ್ಬೊಬ್ಬರಿಗೂ ಒಂದಕ್ಕಿಂತ ಹೆಚ್ಚು ನಂಬರ್ ಬರುತ್ತದೆ, ಗಾಬರಿ ಬೇಡ, ಮತ್ತದೇ ನಾಲ್ಕು ಕೂಪನ್‌ನ ಲೆಕ್ಕ. ವಿಮಾನ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ನೀವೇ ಹಾಕಿ ನೋಡಿ.

ಒಂದು ವಿಮಾನ ಹತ್ತದೆ ಬಿಟ್ಟರೆ ಮುಂದಿನ ಎಲ್ಲವೂ ರದ್ದಾಗಬಹುದು. ಮಗನ ಮನೆಯಲ್ಲಿ ಇನ್ನೊಂದು ವಾರ ಇರೋಣ ಅನಿಸಿದರೆ ಮೊದಲು ದಿನಾಂಕ ಬದಲಿಸಿ, ಆಮೇಲೆ ಇರಿ.

ಈಗ ಭಾನುವಾರದ ವಿಷಯ. ಚಿಕ್ಕಪ್ಪ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಮುಂದಿನ ವಿಮಾನದ ಸಮಯ ಬದಲಾಗಿ ಲಂಡನ್ ವಿಮಾನ ಕೈತಪ್ಪುವ ಹಾಗಾಯಿತು. ಆ ಸಂಸ್ಥೆಗೆ ಫೋನ್ ಮಾಡಿದರೆ, ಟಿಕೆಟ್ ಕೊಟ್ಟವರನ್ನೇ ಕೇಳಿ ಅಂದರು. ಏಜೆಂಟ್ ಮೂಲಕ ಕೊಂಡರೆ ಈ ಮಾತು ಕೇಳಲೇಬೇಕಾಗುತ್ತೆ. ಅಲ್ಲಿ ಶನಿವಾರ ಮಧ್ಯಾಹ್ನ, ಇಲ್ಲಿ ರಾತ್ರಿ ಎರಡು. ವಾಟ್ಸ್‌ಆ್ಯಪ್ ಹಾಕಿ ಇಬ್ಬರೂ ಅಲ್ಲಿ ಕಾದರು, ಇಲ್ಲಿ ನಾನೂ ನಿದ್ದೆ ಇಲ್ಲದೆ ಕಾದೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಜಯನಗರದಿಂದ ಉತ್ತರ ಬಂತು, ಹತ್ತಕ್ಕೆ ಹೊಸ ಟಿಕೆಟ್. ವೀಲ್‌ಚೇರ್ ಮಾತ್ರ ಹೊಸ ವಿಮಾನಕ್ಕೆ ಬಂದಿರಲಿಲ್ಲ. ಅದನ್ನು ಕಂಡುಹಿಡಿದದ್ದು ಚಿಕ್ಕಮ್ಮ. ಎಂಟು ವಿಮಾನದ ನಂಬರ್, ಟಿಕೆಟ್ ನಂಬರ್, ಊಟ, ವೀಲ್‌ಚೇರ್ ಎಲ್ಲಾ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡು, ಹೊಸ ಟಿಕೆಟ್ ಬಂದ ತಕ್ಷಣ ಒಂದೊಂದೇ ಟಿಕ್ ಹಾಕುತ್ತಾ ಕೂತಿದ್ದರು.