ಗುಹೆಯ ಕಲ್ಲಿನಲ್ಲಿ ಧಾತು ಈಶ್ವರ ಬರ ಸಿಕ್ಕಿತು

ಚಾಮುಂಡಿ ಬೆಟ್ಟದ ಗ್ರಾನೈಟ್ ನೋಡಿಕೊಂಡು ಬೆಳೆದವನಿಗೆ ಸ್ಟ್ಯಾಲಗ್ಮೈಟ್ (ಸುಣ್ಣ ಬೆರೆತ ನೀರು ಹನಿಹನಿಯಾಗಿ ಬಿದ್ದು ಗುಹೆಯ ನೆಲದ ಮೇಲೆ ಪದರಪದರವಾಗಿ ಬೆಳೆಯುವ ಕಲ್ಲು) ಗೊಡವೆ ಏಕೆ ಎಂದು ಕೇಳದವರಿಲ್ಲ. ಮೇಘಾಲಯದ ಮಾವ್‌ಮ್ಲು ಗುಹೆಯ ಕಲ್ಲಿನಿಂದ 2018ರಲ್ಲಿ ಒಂದು ಭೂಕಾಲಘಟ್ಟಕ್ಕೇ ಹೆಸರು ಬಂತು, ಅದೆಲ್ಲ ದೊಡ್ಡ ಪ್ರಯೋಗಾಲಯದವರ ಕೆಲಸ, ಪದರ ಎಣಿಸುವುದು ಮಕ್ಕಳಾಟ ಎಂದರು. ಈಗ ನನ್ನ ಎಣಿಕೆಯೂ, ಯುರೇನಿಯಂ ಕಾಲಕ್ರಮೇಣ ಥೋರಿಯಂ ಆಗುವುದನ್ನು ಅಳೆದು ಕಲ್ಲಿನ ವಯಸ್ಸು ಹೇಳುವ ಯುರೇನಿಯಂ-ಥೋರಿಯಂ ಲೆಕ್ಕವೂ ಕೂಡಿಬಂದಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಕಲ್ಲು ಕರ್ನೂಲು ಸೀಮೆಯ ಒಂದು ಸುಣ್ಣಕಲ್ಲಿನ ಗುಹೆಯದು. 2019ರಲ್ಲಿ ದಾರಿ ಸಮ ಮಾಡುವಾಗ ಮುರಿದು ಎರಡು ತುಂಡಾಗಿತ್ತು. ಅನುಮತಿ ಪಡೆದು ತಂದೆ. ತುದಿಗೆ ಇನ್ನೂ ಹನಿ ಬೀಳುತ್ತಿತ್ತು. ಹಾಗಾಗಿ ತುದಿಯ ಪದರ 2019ರದು, ಎಣಿಕೆ ಎಲ್ಲಿಂದ ಶುರು ಎಂಬ ಅನುಮಾನವೇ ಉಳಿಯಲಿಲ್ಲ.

ಕೆಳತುಂಡನ್ನು ಮೈಸೂರಿನ ಒಂದು ಮಾರ್ಬಲ್ ಅಂಗಡಿಯಲ್ಲಿ ಕೊಯ್ಯಿಸಿ ಕಳೆದುಕೊಂಡೆ. ದೊಡ್ಡ ಬ್ಲೇಡಿಗೆ ನಡುವೆಯೇ ಸೀಳಿಹೋಯಿತು. ತುದಿಯ ತುಂಡನ್ನು ಎಪಾಕ್ಸಿಯಲ್ಲಿ ಕೂರಿಸಿ, ತೆಳು ವಜ್ರದ ಬ್ಲೇಡು ಹಿಡಿದು ಎರಡು ದಿನ ನಾನೇ ಕೊಯ್ದೆ. ಆಮೇಲಿನ ಪೆಟ್ಟು ಇನ್ನೂ ದೊಡ್ಡದು. ಕಾಲಮಾಪನಕ್ಕೆ ಕಳಿಸಿದ ಐದು ಮಾದರಿಗಳಲ್ಲಿ ನಾಲ್ಕು ಜೇಡಿಯ ಥೋರಿಯಂ ಬೆರೆತು ಕೆಟ್ಟಿದ್ದವು. ಕೆಳಗಿನ ಪದರಕ್ಕಿಂತ ಮೇಲಿನದೇ ಹಳೆಯದೆಂದು ಬಂತು. ಹೆಚ್ಚುಕಡಿಮೆ ಒಂದೂಕಾಲು ಲಕ್ಷ ರೂಪಾಯಿ ಹೋಯಿತು, ಅರ್ಧ ಚೀಟಿ ಎತ್ತಿದ ಹಣ.

ಆಗ ಕ್ರಮವನ್ನೇ ತಿರುವಿದೆ. ಮೊದಲು ಅತಿನೇರಳೆ ಬೆಳಕಿನಲ್ಲಿ ಪದರ ಎಣಿಕೆ, ಆಮೇಲೆ ಮಣ್ಣು ಸೇರದ ಪದರದಿಂದ ಮಾತ್ರ ಪುಡಿ. ಬೆಳಕು ಹಿಡಿಯುವ ಕೋನ, ಕೊನೆಯ ಸುತ್ತಿನ ಪಾಲಿಶ್ ಯಾವುದು ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೆ ಎಂಟು ತಿಂಗಳು ತೆತ್ತಿದ್ದೇನೆ.

ಆಮ್ಲಜನಕದ ಭಾರದ ರೂಪವಾದ ಆಮ್ಲಜನಕ-18 ಎಷ್ಟಿದೆ ಎಂದು ಅಳೆಯಲು ದಂತವೈದ್ಯರ ಡ್ರಿಲ್‌ನಿಂದ 0.2 ಮಿಲಿಮೀಟರಿಗೊಂದು ಮಾದರಿ ತೆಗೆದೆ, ಸುಮಾರು ಎರಡು ವರ್ಷಕ್ಕೊಂದು. ತುದಿಯಿಂದ ಹದಿನಾಲ್ಕು ಮಿಲಿಮೀಟರ್ ಕೆಳಗೆ ಪದರಗಳು ಕೂದಲೆಳೆಯಷ್ಟಾಗಿದ್ದವು, ಆಮ್ಲಜನಕವೂ ಭಾರವಾಗಿತ್ತು; ಎರಡೂ ಮಳೆ ಕಡಿಮೆಯಾದುದರ ಗುರುತು. ವರ್ಷಕ್ಕೊಂದು ಪದರವೆಂದು ತುದಿಯಿಂದ ಅಲ್ಲಿಯವರೆಗೆ ಮೂರು ಸಲ ಎಣಿಸಿದೆ: 139, 143, 141. ಅಲ್ಲಿಗೆ 1876-78, ಧಾತು ಈಶ್ವರ ಸಂವತ್ಸರಗಳ ಬರ. ನಮ್ಮ ಹಳೆಯ ಮೈಸೂರು ಸೀಮೆಯನ್ನು ಬರಿದು ಮಾಡಿದ್ದು ಅದೇ. ಪಕ್ಕದ ಬಿಳಿ ಪದರದ ಥೋರಿಯಂ ವಯಸ್ಸೂ 1880ರ ಆಸುಪಾಸು, ಹತ್ತು-ಹನ್ನೆರಡು ವರ್ಷ ಆಚೀಚೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನಡುವೆ, ಯಾವ ಮಳೆಯ ಆಮ್ಲಜನಕ ಎಷ್ಟು ಭಾರ ಎಂದು ನೋಡಲು ತಾರಸಿಯಲ್ಲಿ ಮಳೆನೀರನ್ನೂ ಹಿಡಿದೆ. ಮೊದಲ ವರ್ಷದ ನೀರು ಬಾಟಲಿಯಲ್ಲೇ ಆವಿಯಾಗಿ ಕೆಟ್ಟಿತು. ಮರುವರ್ಷ ಮೇಲೆ ಪ್ಯಾರಫಿನ್ ಎಣ್ಣೆ ತೇಲಿಸಿದೆ. ಹಿಂಗಾರಿನ ನೀರಿನ ಆಮ್ಲಜನಕ ಜುಲೈ ನೀರಿನದಕ್ಕಿಂತ ಸ್ಪಷ್ಟವಾಗಿ ಹಗುರ. ಎಂದರೆ ಹಿಂಗಾರು ತಪ್ಪಿದರೂ ಕಲ್ಲಿನ ಆಮ್ಲಜನಕ ಭಾರವಾಗಿ ಕಾಣಬಹುದು. ಅದಕ್ಕೇ ಪದರದ ದಪ್ಪವನ್ನು ಜೊತೆಗಿಟ್ಟುಕೊಳ್ಳದೆ ನಾನು ಯಾವ ವರ್ಷಕ್ಕೂ ಬರವೆಂಬ ಹೆಸರು ಕೊಡುವುದಿಲ್ಲ.