ಪ್ರಾದೇಶಿಕ ವಿಮಾನದ ಪೈಲಟ್ ಕೆಲಸ: ತೋಟ ಅಡವಿಡುವ ಮೊದಲು ಹಾಕಬೇಕಾದ ಲೆಕ್ಕ

ಮಡಿಕೇರಿಯಲ್ಲಿ 1965ರ ಯುದ್ಧದಲ್ಲಿ ಹುತಾತ್ಮರಾದ ವಾಯುಪಡೆಯ ಪೈಲಟ್, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವನ್ನು ನೋಡುತ್ತ ಬೆಳೆಯುವ ನಮ್ಮ ಮಕ್ಕಳಿಗೆ ವಿಮಾನ ಹಾರಿಸುವ ಆಸೆ ಹುಟ್ಟುವುದು ಸಹಜ. ಆದರೆ ವಾಯುಪಡೆಯಲ್ಲಿ ತರಬೇತಿಯ ಖರ್ಚು ಸರ್ಕಾರದ್ದು, ನಾಗರಿಕ ವಿಮಾನಯಾನದಲ್ಲಿ ಬಹುಪಾಲು ಮನೆಯವರದ್ದು.

ಮೊದಲು ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮದಂತೆ ವೈದ್ಯಕೀಯ ಪರೀಕ್ಷೆಯನ್ನು ಮುಗಿಸಿಕೊಳ್ಳಿ. ಬಣ್ಣ ಗುರುತಿಸಲಾಗದ ದೃಷ್ಟಿದೋಷ ಶುಲ್ಕ ಕಟ್ಟಿದ ಮೇಲೆ ಗೊತ್ತಾದರೆ ಆಗುವ ನಷ್ಟ ದೊಡ್ಡದು. ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಆ ನಂತರ ಪ್ರಾದೇಶಿಕ ಮಾರ್ಗಗಳಲ್ಲಿ ಹಾರುವ ಎಟಿಆರ್‌ನಂಥ ನಿರ್ದಿಷ್ಟ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಅರ್ಹತೆ, ಪಡೆಯಬೇಕಾಗಿದ್ದು, ಅದರ ಖರ್ಚು ಕಂಪನಿಯದೋ ಅಭ್ಯರ್ಥಿಯದೋ ಎಂಬುದನ್ನು ಆರಂಭದಲ್ಲೇ ಕೇಳಿ ತಿಳಿಯಬೇಕು.

ಉದಾಹರಣೆಗೆ, ಕಾಫಿ ತೋಟ ಅಡವಿಟ್ಟು 50 ಲಕ್ಷ ರೂಪಾಯಿ ಸಾಲವನ್ನು ಶೇ. 11ರ ಬಡ್ಡಿಯಲ್ಲಿ 10 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 69 ಸಾವಿರ ರೂಪಾಯಿ ಆಗುತ್ತದೆ. ಕಾಫಿಯ ಹಣ ಕೈಗೆ ಬರುವುದು ಕೊಯ್ಲು ಮುಗಿದ ಮೇಲೆ, ವರ್ಷಕ್ಕೊಮ್ಮೆ. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ, ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಕುಟುಂಬದ ಪರವಾಗಿ ಪಟ್ಟೇದಾರರ ಹೆಸರಿದ್ದಲ್ಲಿ ಅಡಮಾನಕ್ಕೆ ಕುಟುಂಬದ ಇತರರ ಒಪ್ಪಿಗೆಯ ಪ್ರಶ್ನೆಯೂ ಎದುರಾಗಬಹುದು. ಪರವಾನಗಿ ಸಿಕ್ಕ ಮಾರನೆಯ ದಿನವೇ ಕೆಲಸ ಸಿಗುತ್ತದೆಂದು ನಂಬಿ ಕಂತಿನ ಲೆಕ್ಕ ಹಾಕುವುದು ನನ್ನ ದೃಷ್ಟಿಯಲ್ಲಿ ಅತಿ ಅಪಾಯಕಾರಿ; ಕನಿಷ್ಠ ಒಂದು ವರ್ಷದ ಕಂತನ್ನು ಬೇರೆಯಾಗಿ ತೆಗೆದಿಡಿ.

ನೇಮಕಾತಿ ಪತ್ರ ಬಂದಾಗ ಮೇಲಿರುವ ದೊಡ್ಡ ಮೊತ್ತವನ್ನು ಬಿಟ್ಟು ಒಳಗಿನ ಷರತ್ತುಗಳನ್ನು ಓದಿ. ಪೈಲಟ್‌ನ ಸಂಬಳದಲ್ಲಿ ಸಾಮಾನ್ಯವಾಗಿ ನಿಗದಿತ ಭಾಗ ಒಂದು, ಹಾರಿದ ಗಂಟೆಗಳ ಭತ್ಯೆ ಇನ್ನೊಂದು. ಆ ಗಂಟೆಯನ್ನು ಹೆಚ್ಚಾಗಿ ಎಣಿಸುವುದು ವಿಮಾನವು ಹಾರಲೆಂದು ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇಳಿದು ಮತ್ತೆ ನಿಲ್ಲುವವರೆಗೆ. ಹೀಗಾಗಿ ಮಳೆಗಾಲದಲ್ಲಿ ಮೋಡ ಕವಿದು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಹೊರಡಲಾಗದೆ ಎರಡು ಗಂಟೆ ಕಾದರೆ, ದುಡಿಮೆಯ ದಿನ ಉದ್ದವಾಗುತ್ತದೆಯೇ ಹೊರತು ಭತ್ಯೆ ಬೆಳೆಯುವುದಿಲ್ಲ. ಆದ್ದರಿಂದ ಕನಿಷ್ಠ ಎಷ್ಟು ಗಂಟೆಯ ಹಣಕ್ಕೆ ಖಾತರಿಯಿದೆ, ತರಬೇತಿಯ ತಿಂಗಳುಗಳಲ್ಲಿ ಎಷ್ಟು ಕೊಡುತ್ತಾರೆ, ಕಂಪನಿ ಬಿಡುವುದಿಲ್ಲವೆಂಬ ಬಾಂಡ್ ಎಷ್ಟು ವರ್ಷದ್ದು, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದನ್ನು ಲಿಖಿತವಾಗಿ ಕೇಳಿ. ಖಾತರಿಯ ಮೊತ್ತದಿಂದಲೇ ಕಂತು, ಬಾಡಿಗೆ, ಊಟ ಎಲ್ಲವೂ ಸಾಗುವಂತಿದ್ದರೆ ಮಾತ್ರ ಸಹಿ ಹಾಕಿ.

ಮುಂದಿನ ದಾರಿಯೂ ಗಂಟೆಗಳದ್ದೇ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ (ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್) ಪರವಾನಗಿಗೆ ಒಟ್ಟು 1500 ಗಂಟೆ ಬೇಕಿದ್ದು, ವರ್ಷಕ್ಕೆ 700 ಗಂಟೆ ಹಾರಿದವರಿಗೆ 200ರಿಂದ ಅಲ್ಲಿಗೆ ತಲುಪಲು ಸುಮಾರು ಎರಡು ವರ್ಷ ಸಾಕು. ನಿಯಮದ ಪ್ರಕಾರ ವರ್ಷದ ಮಿತಿ 1000 ಗಂಟೆ. ಕಡಿಮೆ ದೂರದ ಮಾರ್ಗಗಳಲ್ಲಿ ದಿನಕ್ಕೆ ಹಲವು ಬಾರಿ ಇಳಿಯುವ ಅನುಭವ ಬಹಳ ಬೆಲೆಯುಳ್ಳದ್ದು, ಆದರೂ ಎಟಿಆರ್‌ನಿಂದ ಏರ್‌ಬಸ್‌ನಂಥ ದೊಡ್ಡ ವಿಮಾನಕ್ಕೆ ಹೋಗುವವರು ಮತ್ತೆ ಟೈಪ್ ರೇಟಿಂಗ್ ಮಾಡಲೇಬೇಕು.

ಸಣ್ಣ ಕಂಪನಿಗಳು ನಿಂತುಹೋಗುವ ಸಾಧ್ಯತೆಯನ್ನೂ ಮರೆಯಬೇಡಿ. ಮೈಸೂರಿಗೂ ಸೇವೆ ನೀಡಿದ್ದ ಟ್ರೂಜೆಟ್ 2022ರಲ್ಲಿ ಹಾರಾಟ ನಿಲ್ಲಿಸಿತು. ಆದ್ದರಿಂದ ಹಾರಿದ ಗಂಟೆಗಳನ್ನು ದಾಖಲಿಸುವ ಲಾಗ್‌ಬುಕ್ಕಿಗೆ ಆಗಿಂದಾಗ್ಗೆ ಸಹಿ ಮಾಡಿಸಿ, ಅದರ ಪ್ರತಿಯನ್ನು ಊರಿನ ಮನೆಯಲ್ಲೂ ಒಂದು ಇಡಿ. ಬೇರೆ ಕಂಪನಿಯ ಸಂದರ್ಶನಕ್ಕೆ ಹೋದಾಗ ಮೊದಲು ಕೇಳುವುದು ಅದನ್ನೇ.