ಕಲೆ ಬಿದ್ದ ಸೀಲಿಂಗಿಗೆ ಬ್ರೌನ್ ಪೇಪರ್ ಹೊದಿಕೆ

ಮಲೆನಾಡಿನ ತಾರಸಿ ಮನೆಗಳಲ್ಲಿ ಗೋಡೆಗೆ ಎಷ್ಟು ಚೆಂದದ ಬಣ್ಣ ಹೊಡೆಸಿದರೂ ತಲೆ ಎತ್ತಿದರೆ ಬೇರೆಯೇ ಕಥೆ. ಸೆಂಟ್ರಿಂಗ್ ಹಲಗೆಯ ಗುರುತು, ಕೂದಲೆಳೆಯಂಥ ಬಿರುಕು, ಹಳೇ ಮಳೆಗಾಲಗಳ ಹಳದಿ ಕಲೆ. ಫಾಲ್ಸ್ ಸೀಲಿಂಗ್ ಮಾಡಿಸೋಣ ಅಂದರೆ ಖರ್ಚು ಜಾಸ್ತಿ, ಕೋಣೆಯ ಎತ್ತರವೂ ತಗ್ಗುತ್ತದೆ. ಮೇಲಿನ ಸಂದಿಗೆ ಇಲಿ ಸೇರಿದರಂತೂ ರಾತ್ರಿಯಿಡೀ ಓಡಾಟ.

ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ಬ್ರೌನ್ ಪೇಪರ್ ಹರಿದು ಅಂಟಿಸುವುದು ಅಗ್ಗದ ದಾರಿ. ನಮ್ಮ ಹವೆಗೆ ರೋಲ್ ವಾಲ್‌ಪೇಪರಿಗಿಂತ ಇದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ವಾಲ್‌ಪೇಪರಿನ ಅಂಚು ಎದ್ದರೆ ಇಡೀ ಪಟ್ಟಿ ಜೋತು ಬೀಳುತ್ತದೆ. ಇಲ್ಲಿ ಎದ್ದರೆ ಅಂಗೈಯಗಲದ ತುಂಡು, ಅಷ್ಟೆ. ಪ್ಲಾಸ್ಟಿಕ್ ಸ್ಟಿಕ್ಕರ್ ಶೀಟಿನ ಸುದ್ದಿಗಂತೂ ಹೋಗಬೇಡಿ. ಅದರ ಹಿಂದೆ ತೇವ ಸಿಕ್ಕಿಕೊಂಡು ಬೂಷ್ಟು ಬೆಳೆಯುತ್ತದೆ.

ಎಲ್ಲ ಕೋಣೆಗೂ ಇದು ಹೊಂದುವುದಿಲ್ಲ. ಹಂಡೆ ಉರಿಯುವ ಬಚ್ಚಲುಮನೆಗೆ ಬೇಡ, ಒಲೆಯ ನೆತ್ತಿಗೂ ಬೇಡ. ಹಳೇ ಮನೆಯ ಮರದ ಮುಚ್ಚಿಗೆಗೆ ಕಾಗದ ಮೆತ್ತುವುದಂತೂ ಪಾಪದ ಕೆಲಸ. ಧೂಳು ಒರೆಸಿ ಎಣ್ಣೆ ಹಚ್ಚಿ, ಸಾಕು.

ಮೊದಲು ತೇವ ನೋಡಿ

ಕಲೆ ಇರುವಲ್ಲಿ 1 ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. 2 ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ತಾರಸಿಯೇ ನೀರು ಕುಡಿದಿದೆ, ಮೊದಲು ಮೇಲಿನ ಸೋರಿಕೆ ನಿಲ್ಲಿಸಬೇಕು. ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಥಂಡಿ, ಕಿಟಕಿ ತೆರೆದಿಟ್ಟರೆ ತಗ್ಗುತ್ತದೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಕಂಬಿಯ ತುಕ್ಕು ಇಣುಕಿದರೆ, ಕಾಗದದ ಯೋಚನೆ ಬಿಟ್ಟು ಎಂಜಿನಿಯರರನ್ನು ಕರೆಸಿ. ಇಂಥದ್ದನ್ನು ಮುಚ್ಚಿಡಬಾರದು.

ಡಿಸೆಂಬರಿನಿಂದ ಮಾರ್ಚ್ ಒಳ್ಳೆ ಕಾಲ. ಹೊಸನಗರ, ತೀರ್ಥಹಳ್ಳಿ ಕಡೆಯ ಜುಲೈನಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಅಂಟು ಒಣಗೀತೇ?

ಹಳೇ ಸುಣ್ಣ, ಡಿಸ್ಟೆಂಪರ್ ಇದ್ದರೆ ಪೂರ್ತಿ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಕಾಗದ ಸುಣ್ಣವನ್ನು ಹಿಡಿಯುತ್ತದೆ, ಸುಣ್ಣ ಗಾರೆಯನ್ನು ಬಿಡುತ್ತದೆ. ಬೂಷ್ಟನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸಿ ಒಣಗಿಸಿ. ಬಿರುಕಿಗೆ ಪುಟ್ಟಿ, ಮೇಲೆ ಒಂದು ಕೋಟ್ ಪ್ರೈಮರ್.

ಅಂಟು, ಕಾಗದ

10 ಅಡಿಗೆ 12 ಅಡಿಯ ಕೋಣೆಯ ಸೀಲಿಂಗ್ 120 ಚದರಡಿ. ಅಂಗೈಯಗಲದ ತುಂಡುಗಳು ಒಂದರ ಮೇಲೊಂದು ಕೂರುವುದರಿಂದ ಇದರ ಸುಮಾರು ಎರಡರಷ್ಟು ಕಾಗದ ತನ್ನಿ. ಶಿವಮೊಗ್ಗದವರು ಗಾಂಧಿಬಜಾರಿನಲ್ಲಿ ಒಂದು ಸುತ್ತು ಹಾಕಬಹುದು. ನುಣುಪು ಹೊಳಪಿನದು ಬೇಡ, ಮಾಸಲು ಮೈಯದೇ ಆಗಬೇಕು.

1 ಲೋಟ ಮೈದಾಕ್ಕೆ 4 ಲೋಟ ನೀರು. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕುದಿಸಿ. ಆರಿದ ಮೇಲೆ ಫೆವಿಕಾಲ್ ತರಹದ ಬಿಳಿ ಅಂಟು 1 ಲೋಟ ಸೇರಿಸಿ. ಬರೀ ಮೈದಾ ಅಂದರೆ ಜಿರಳೆಗೆ ಹಬ್ಬ. ಅದಕ್ಕೇ ಪುಸ್ತಕ ಬೈಂಡ್ ಮಾಡುವವರು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಬೆರೆಸುತ್ತಿದ್ದರು. ಅಡಿಕೆ ತೋಟ ಇದ್ದವರ ಮನೆಯಲ್ಲಿ ಕೊಳೆರೋಗದ ಔಷಧಿಗೆ ತಂದದ್ದು ಹೇಗೂ ಇರುತ್ತದೆ, ಅಲ್ವಾ? ವಿಷ ಅದು. ಕೈಗವಸು ಹಾಕಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ ಅಂತ ತೋಟದವರಿಗೆ ಹೇಳಬೇಕಿಲ್ಲ.

ಅಂಟಿಸುವುದು

ಮೇನ್ ಸ್ವಿಚ್ ಆಫ್ ಮಾಡಿ, ಫ್ಯಾನಿನ ಕಪ್ ಕೆಳಗಿಳಿಸಿ. ಕತ್ತರಿ ಮುಟ್ಟಬೇಡಿ, ಕಾಗದವನ್ನು ಕೈಯಲ್ಲೇ ಹರಿಯಿರಿ. ಹರಿದ ಅಂಚು ತೆಳ್ಳಗಿರುತ್ತದೆ, ಜೋಡಣೆ ಎದ್ದು ಕಾಣುವುದಿಲ್ಲ. ಕಾರ್ಖಾನೆಯ ನೇರ ಅಂಚಿನ ತುಂಡುಗಳನ್ನು ಗೋಡೆ ಸೇರುವ ಬದಿಗೆ ಎತ್ತಿಡಿ. ಪ್ರತಿ ತುಂಡನ್ನೂ ಉಂಡೆ ಮಾಡಿ, ಬಿಡಿಸಿ, ಎರಡೂ ಮೈಗೆ ಅಂಟು ಹಚ್ಚಿ 2 ನಿಮಿಷ ಬಿಡಿ. ಒದ್ದೆಯಾದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಬಿಗಿಯಾಗುತ್ತದೆ. ಹಿಗ್ಗಲು ಬಿಡದೆ ಅಂಟಿಸಿದರೆ ಗುಳ್ಳೆ ಏಳುತ್ತದೆ.

ಕಿಟಕಿ ಕಡೆಯ ಮೂಲೆಯಿಂದ ಶುರು ಮಾಡಿ. ಒಂದರ ಮೇಲೊಂದು 1 ಇಂಚು ಕೂರಲಿ. ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒತ್ತಿ. ಕುತ್ತಿಗೆ ನೋಯುವ ಕೆಲಸ. ಒಬ್ಬರು ಅಂಟು ಹಚ್ಚಿ ಕೊಡಬೇಕು, ಒಬ್ಬರು ಮೇಲೆ ನಿಲ್ಲಬೇಕು. ಒಂದು ದಿನ ಫ್ಯಾನ್ ಹಾಕಬೇಡಿ. ಅವಸರದಲ್ಲಿ ಒಣಗಿದರೆ ಅಂಚು ಏಳುತ್ತದೆ.

ಬರೀ ಕಂದು ಬೇಸರ ಅನಿಸಿದರೆ ಸುತ್ತ ಒಂದು ಅಡಿ ಅಗಲದ ಹಸೆ ಚಿತ್ತಾರದ ಪಟ್ಟಿ ಕೊಡಬಹುದು. ಕೆಮ್ಮಣ್ಣಿನ ಗೋಡೆಯ ಮೇಲೆ ಬಿಳಿ ಗೆರೆ ಎಳೆಯುವ ದೀವರ ಸಮುದಾಯದ ಹೆಂಗಸರ ಈ ಕಲೆ ಸಾಗರದ ಕಡೆ ಇನ್ನೂ ಇದೆ. ಬಲ್ಲವರಿಂದಲೇ ಬರೆಸಿ, ಅವರ ಕೂಲಿಗೆ ಚೌಕಾಸಿ ಮಾಡಬೇಡಿ. ಅಕ್ಕಿ ಹಿಟ್ಟಿನ ಬದಲು ಬಿಳಿ ಅಕ್ರಿಲಿಕ್ ಬಣ್ಣ ಇರಲಿ, ಹುಳ ಮುಟ್ಟುವುದಿಲ್ಲ. ಈ ಪಟ್ಟಿಯನ್ನು ಮಾತ್ರ ಹರಿಯದೆ, ನೆಲದ ಮೇಲೆ ಬರೆಸಿ ಒಣಗಿಸಿ, ಹಿಂಬದಿಗಷ್ಟೇ ಅಂಟು ಹಚ್ಚಿ ಮೇಲೇರಿಸಿ.

ಪೂರ್ತಿ ಒಣಗಿದ ಮೇಲೆ ನೀರಿನಲ್ಲಿ ಕಲಸುವ ಮ್ಯಾಟ್ ವಾರ್ನಿಷ್ 2 ಕೋಟ್. ಎಣ್ಣೆ ವಾರ್ನಿಷ್ ಹಚ್ಚಿದರೆ ಕೋಣೆ ಕತ್ತಲಾಗುತ್ತದೆ.

ಉಳಿದ ಕಾಗದವನ್ನು ಸುತ್ತಿ ಅಟ್ಟದಲ್ಲಿಡಿ. ಮಳೆಗಾಲ ಕಳೆದ ಮೇಲೆ ಎಲ್ಲಾದರೂ ಎದ್ದಿದ್ದರೆ ಆ ತುಂಡನ್ನಷ್ಟೇ ಕಿತ್ತು, ಜಾಗ ಒಣಗಿಸಿ, ಹೊಸತು ಅಂಟಿಸಿ ವಾರ್ನಿಷ್ ಹಚ್ಚಿ. ಮೊದಮೊದಲು ಅದರ ಬಣ್ಣ ಕೊಂಚ ಬೇರೆ ಕಾಣುತ್ತದೆ.